ಮೂವರೋ ನಾಲ್ವರೋ: ರಾಕ್ ಅಂಡ್ ರೋಲ್ ಚರಮಗೀತೆಗಳಲ್ಲಿ ಸಂಬೋಧನೆ ಮತ್ತು ಸಂಖ್ಯೆ

1959ರ ಫೆಬ್ರುವರಿ 3ರಂದು ಅಯೋವಾ ರಾಜ್ಯದ ಕ್ಲಿಯರ್ ಲೇಕ್ ಬಳಿ ಪತನಗೊಂಡ ಸಣ್ಣ ವಿಮಾನದಲ್ಲಿ ನಾಲ್ವರು ಮಡಿದರು: ಬಡ್ಡಿ ಹಾಲಿ, ರಿಚಿ ವ್ಯಾಲೆನ್ಸ್, 'ಬಿಗ್ ಬಾಪರ್' ಎಂದೇ ಹೆಸರಾದ ಜೆ. ಪಿ. ರಿಚರ್ಡ್‌ಸನ್ ಮತ್ತು ವಿಮಾನಚಾಲಕ ರೋಜರ್ ಪೀಟರ್ಸನ್. ಈ ದುರಂತವನ್ನು ನೆನೆಯುವ ಹಾಡುಗಳ ಚರ್ಚೆ ಬಹುಮಟ್ಟಿಗೆ ಡಾನ್ ಮೆಕ್ಲೀನ್ ಅವರ 'ಅಮೆರಿಕನ್ ಪೈ' (1971) ಹಾಡಿನ ಒಗಟು ಬಿಡಿಸುವುದರಲ್ಲೇ ಸವೆದಿದೆ. ಯಾವ ರೂಪಕದ ಹಿಂದೆ ಯಾವ ಗಾಯಕನಿದ್ದಾನೆ ಎಂಬುದೇ ಅಲ್ಲಿನ ಲೆಕ್ಕಾಚಾರ. ಈ ಬಗೆಯ ಓದು ನಮಗೆ ಒಪ್ಪಿಗೆಯಾಗದು. ಸ್ಮರಣೆಯ ಕೆಲಸ ಇಲ್ಲಿ ರೂಪಕಕ್ಕಿಂತ ಹೆಚ್ಚಾಗಿ ವ್ಯಾಕರಣದಲ್ಲಿ ನಡೆದಿದೆ ಎಂಬುದು ನಮ್ಮ ವಾದ.

ದುರಂತ ನಡೆದ ವರ್ಷವೇ ಹೊರಬಂದ ಟಾಮಿ ಡೀ ಅವರ 'ತ್ರೀ ಸ್ಟಾರ್ಸ್' ಹಾಡು ಸತ್ತವರ ಕುರಿತು ಮಾತನಾಡುವುದಕ್ಕಿಂತ ಸತ್ತವರೊಡನೆ ಮಾತನಾಡುತ್ತದೆ. ರಿಚಿ, ಬಡ್ಡಿ ಎಂಬ ಸಲಿಗೆಯ ಹೆಸರುಗಳು ಸಂಬೋಧನೆಯಾಗಿ ಬರುತ್ತವೆ; ಮಧ್ಯಮಪುರುಷ ಸರ್ವನಾಮವು ಅವರನ್ನು ಎದುರಿಗೆ ನಿಲ್ಲಿಸುತ್ತದೆ. ಸಾಹಿತ್ಯವಾಗಿ ಹಾಡು ಸಾಧಾರಣವೆಂದು ಒಪ್ಪಲೇಬೇಕು. ಆದರೆ ಮೃತರ ಗೆಳೆಯ ಎಡ್ಡಿ ಕಾಕ್ರನ್ ಅದೇ ವರ್ಷ ಅದನ್ನು ಹಾಡಿ ಮುದ್ರಿಸಿದಾಗ ಸಂಬೋಧನೆ ಅಲಂಕಾರವಾಗಿ ಉಳಿಯಲಿಲ್ಲ. ಗಾಯಕನ ಕಂಠ ನಡುಗುವುದು ಕೇಳಿಸುತ್ತದೆ. 1960ರ ಏಪ್ರಿಲ್‌ನಲ್ಲಿ ಕಾಕ್ರನ್ ಇಂಗ್ಲೆಂಡಿನಲ್ಲಿ ಕಾರು ಅಪಘಾತಕ್ಕೆ ಬಲಿಯಾದರು. ಅವರ ಮುದ್ರಣ ಬಿಡುಗಡೆಯಾದದ್ದು ಆ ಬಳಿಕವೇ. ಹಾಗಾಗಿ ಕೇಳುಗನಿಗೆ ತಲುಪುವ ಹೊತ್ತಿಗೆ 'ನಾನು' ಎಂಬ ಉತ್ತಮಪುರುಷವೂ 'ನೀನು' ಇರುವ ಕಡೆಗೇ ಸರಿದಾಗಿತ್ತು.

'ಅಮೆರಿಕನ್ ಪೈ' ಹಾಡಿನಲ್ಲಿ ಆ ಮೂವರಲ್ಲಿ ಒಬ್ಬರ ಹೆಸರೂ ಇಲ್ಲ. (ಹಾಡಿರುವ ಆಲ್ಬಂ ಹಾಲಿಗೆ ಅರ್ಪಿತವಾಗಿದೆ ಎಂಬುದು ಬೇರೆ ಮಾತು.) ಹೆಸರಿನ ಜಾಗದಲ್ಲಿರುವುದು ನಿಶ್ಚಿತ ಉಪಪದವುಳ್ಳ ಒಂದು ನಾಮಪದಗುಚ್ಛ: ಶೀರ್ಷಪದ ದಿನ, ವಿಶೇಷಣವಾಗಿ ಸಂಬಂಧವಾಚಕ ಉಪವಾಕ್ಯ, ಅದರೊಳಗೆ ಮರಣವಾಚಕ ಕ್ರಿಯೆಗೆ ಮನುಷ್ಯರ ಬದಲು ಕಲೆಯೇ ಕರ್ತೃ. ನಿಶ್ಚಿತ ಉಪಪದ ಆ ದಿನವನ್ನು ಕೇಳುಗನಿಗೆ ಮೊದಲೇ ಪರಿಚಿತವೆಂದು ಭಾವಿಸಿಕೊಳ್ಳುತ್ತದೆ; ಅರಿಯದವನೂ ಅರಿತವನಂತೆ ತಲೆದೂಗಬೇಕಾಗುತ್ತದೆ. ಇಂದು ಆ ಗುಚ್ಛ ದುರಂತದ ಅಂಕಿತನಾಮವೇ ಆಗಿಹೋಗಿದೆ. ಕನ್ನಡದಲ್ಲಿ ಇದನ್ನು ಕೃದಂತ ವಿಶೇಷಣದಿಂದ ಹೇಳಬಹುದು, ಆದರೆ ನಮ್ಮಲ್ಲಿ ಅಂಥ ಉಪಪದವಿಲ್ಲದ ಕಾರಣ ಆ ಒತ್ತಾಯ ಸಡಿಲಗೊಳ್ಳುತ್ತದೆ. 'ಆ' ಸೇರಿಸಿದರೆ ಬೊಟ್ಟುಮಾಡಿದಂತಾಗಿ ಅತಿಯಾಗುತ್ತದೆ.

ಎರಡೂ ಹಾಡುಗಳು ಒಂದು ಲೋಪದಲ್ಲಿ ಸೇರುತ್ತವೆ. ಮೊದಲನೆಯದರ ಶೀರ್ಷಿಕೆಯ ಸಂಖ್ಯಾವಾಚಕ ಮೂರಕ್ಕೆ ನಿಲ್ಲುತ್ತದೆ. ಎರಡನೆಯದರಲ್ಲಿ ಕಲೆಯೇ ಸತ್ತಿರುವುದರಿಂದ ಕಲಾವಿದನಲ್ಲದವನ ಸಾವಿಗೆ ವ್ಯಾಕರಣಸ್ಥಾನವೇ ಇಲ್ಲ. ಪೀಟರ್ಸನ್‌ಗೆ ಆಗ 21 ವರ್ಷ, ಹಾಲಿಗಿಂತ ಒಂದು ವರ್ಷ ಕಿರಿಯ. ದುರಂತಸ್ಥಳದ ಹೊಲದಲ್ಲಿ ಗಾಯಕರಿಗೆ 1988ರಲ್ಲಿ ನಿಲ್ಲಿಸಿದ ಉಕ್ಕಿನ ಸ್ಮಾರಕದಲ್ಲಿ ಇರುವುದು ಒಂದು ಗಿಟಾರ್ ಮತ್ತು ಮೂರು ಧ್ವನಿತಟ್ಟೆಗಳು. ಚಾಲಕನ ಸ್ಮಾರಕ ಅಲ್ಲಿಗೆ ಬಂದದ್ದು 2009ರಲ್ಲಿ.