ಪರದೆ ಮಿಣುಕಿದರೆ ಲ್ಯಾಪ್‌ಟಾಪ್ ಕೆಟ್ಟಿತೆ?
ಲಿನಕ್ಸ್ ಅಪ್‌ಗ್ರೇಡ್ ನಂತರದ ಸಿದ್ಧ ಸಲಹೆಗಳ ಒಂದು ವಿಮರ್ಶೆ

ನಮ್ಮ ರಾಜ್ಯದ ಶಿಕ್ಷಕರಿಗೆ ಲಿನಕ್ಸ್ ಹೊಸದೇನಲ್ಲ. 2011ರ ಸುಮಾರಿಗೆ ಸರ್ಕಾರಿ ಪ್ರೌಢಶಾಲೆಗಳಿಗಾಗಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಬಳಕೆಯಲ್ಲಿತ್ತು. ಗಣಿತಕ್ಕೆ ಜಿಯೋಜೀಬ್ರಾ, ವಿಜ್ಞಾನಕ್ಕೆ ಫೆಟ್ ಅನುಕರಣೆಗಳು ಅದರ ಮೂಲಕ ಹಲವು ತರಗತಿಗಳನ್ನು ತಲುಪಿದವು. ಈಗ ಲಿನಕ್ಸ್ ಬಗ್ಗೆ ಮತ್ತೆ ಯೋಚಿಸಲು ಇನ್ನೊಂದು ಕಾರಣವಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅನೇಕವು ವಿಂಡೋಸ್ 11 ಕೇಳುವ ಅರ್ಹತೆಯನ್ನು ಪಡೆದಿಲ್ಲ. ಅವುಗಳನ್ನು ಇನ್ನೂ ಕೆಲವು ವರ್ಷ ದುಡಿಸಿಕೊಳ್ಳಲು ಲಿನಕ್ಸ್ ಒಳ್ಳೆಯ ದಾರಿ. ಮೊದಲೇ ಲಿನಕ್ಸ್ ಇದ್ದವರೂ ಸುಮ್ಮನೆ ಕೂರುವಂತಿಲ್ಲ. ಉಬುಂಟು 20.04ಕ್ಕೆ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿಯಿತು. ಅಂಥವರು 22.04ಕ್ಕೆ, ಅಲ್ಲಿಂದ 24.04ಕ್ಕೆ ಹಂತ ಹಂತವಾಗಿ ಏರಬೇಕು.

ತೊಂದರೆ ಕಾಣಿಸಿಕೊಳ್ಳುವುದು ಹೀಗೆ ಏರಿದ ಮೇಲೆ. ಪರದೆ ಮಿಣುಕುತ್ತದೆ. ಪುಟವನ್ನು ಸರಿಸಿದಾಗ ಚಿತ್ರ ಅಡ್ಡಕ್ಕೆ ಹರಿದಂತೆ ಕಾಣುತ್ತದೆ. ಕೆಲವೊಮ್ಮೆ ಕಪ್ಪು ಪರದೆಯ ಮೇಲೆ ಮೌಸ್ ಬಾಣವೊಂದೇ ಉಳಿಯುತ್ತದೆ. ನಿನ್ನೆಯವರೆಗೆ ಸರಿಯಾಗಿದ್ದ ಯಂತ್ರ ಇಂದು ಹೀಗಾದರೆ ಯಾರಿಗಾದರೂ ಗಾಬರಿಯಾಗುವುದು ಸಹಜ. ಆಗ ಸಿಗುವ ಸಲಹೆಗಳು ಸಾಮಾನ್ಯವಾಗಿ ಮೂರು ಬಗೆಯವು. “ಮದರ್‌ಬೋರ್ಡ್ ಹೋಗಿದೆ” ಎಂಬುದು ಒಂದು. “ಎಲ್ಲ ಅಳಿಸಿ ಹೊಸದಾಗಿ ಹಾಕಿ” ಎಂಬುದು ಇನ್ನೊಂದು. “ಈ ಒಂದು ಪದವನ್ನು ಇಲ್ಲಿ ಸೇರಿಸಿ, ಕಾರಣ ಕೇಳಬೇಡಿ” ಎಂಬುದು ಮೂರನೆಯದು. ಮೂರರಲ್ಲೂ ಒಂದೇ ದೋಷವಿದೆ: ರೋಗಿಯನ್ನು ಪರೀಕ್ಷಿಸುವ ಮೊದಲೇ ಔಷಧಿ ಬರೆಯಲಾಗಿದೆ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿಯ ಹಳ್ಳಿಯೊಂದರ ಶಾಲೆಯಲ್ಲಿ ಲ್ಯಾಪ್‌ಟಾಪ್ ಕೈಕೊಟ್ಟರೆ ಅದನ್ನು ಚೀಲಕ್ಕೆ ಹಾಕಿಕೊಂಡು ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಆಗದಿದ್ದರೆ ಕಾಗವಾಡದವರಿಗೆ ಮಿರಜ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಒಂದು ದಿನದ ರಜೆ, ಬಸ್ ಖರ್ಚು, ದುರಸ್ತಿಯ ಖರ್ಚು ಎಲ್ಲವೂ ಸೇರುತ್ತವೆ. ಕೊನೆಗೆ ಕೇವಲ ತಂತ್ರಾಂಶದ ತೊಂದರೆಯಿದ್ದ ಯಂತ್ರ “ಕೆಟ್ಟದ್ದು” ಎಂದು ಬೀರುವಿಗೆ ಸೇರಿದರೆ ನಷ್ಟ ಮಕ್ಕಳದ್ದು.

ಚಿತ್ರ ಪರದೆಗೆ ಬರುವ ದಾರಿ

ಕೃಷ್ಣೆಯಿಂದ ಪೈಪ್‌ಲೈನ್ ಹಾಕಿ ಕಬ್ಬಿಗೆ ನೀರು ತರುವ ರೈತನನ್ನು ನೆನೆಯಿರಿ. ಕೊನೆಯ ಪಟ್ಟಿಗೆ ನೀರು ಬರದಿದ್ದರೆ ಆತ ಕೂಡಲೇ ಮೋಟಾರು ಬದಲಿಸುವುದಿಲ್ಲ. ನಡುವಿನ ವಾಲ್ವ್ ತೆರೆದು ನೋಡುತ್ತಾನೆ. ಅಲ್ಲಿಯವರೆಗೆ ನೀರು ಬಂದಿದ್ದರೆ ದೋಷ ಮುಂದಿದೆ, ಬಂದಿಲ್ಲದಿದ್ದರೆ ಹಿಂದಿದೆ. ಪರದೆಯ ಚಿತ್ರವೂ ಇಂಥದೇ ಒಂದು ದಾರಿಯಲ್ಲಿ ಹರಿದು ಬರುತ್ತದೆ.

ಮೊದಲು ನಾವು ಬಳಸುವ ತಂತ್ರಾಂಶ ತನ್ನ ಕಿಟಕಿಯ ಚಿತ್ರವನ್ನು ರಚಿಸುತ್ತದೆ. ಎಲ್ಲ ಕಿಟಕಿಗಳನ್ನು ಜೋಡಿಸಿ ಒಂದೇ ಚಿತ್ರ ಮಾಡುವ ಕೆಲಸ ಕಂಪಾಸಿಟರ್ ಎಂಬ ಜೋಡಣಾ ತಂತ್ರಾಂಶದ್ದು. ಗ್ರಾಫಿಕ್ಸ್ ಚಿಪ್‌ಗೆ ಚಿತ್ರ ಬಿಡಿಸುವ ಆಜ್ಞೆಗಳನ್ನು ಒದಗಿಸುವುದು ಮೆಸಾ ಎಂಬ ತಂತ್ರಾಂಶ ಭಂಡಾರ. ಅದರ ಕೆಳಗೆ ಕರ್ನೆಲ್ ಇದೆ. ಚಿಪ್ಪನ್ನು ನೇರವಾಗಿ ನಡೆಸುವ ಡ್ರೈವರ್ ಇರುವುದು ಅದರಲ್ಲಿ. ಸಿದ್ಧವಾದ ಚಿತ್ರವನ್ನು ಚಿಪ್ ಸ್ಮೃತಿಯಿಂದ ಓದಿ ಕೇಬಲ್ ಮೂಲಕ ಪರದೆಯ ಫಲಕಕ್ಕೆ ಕಳಿಸುತ್ತದೆ.

ಈ ಹರಿವಿನ ಪ್ರಮಾಣವನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಹಳೆಯ ಲ್ಯಾಪ್‌ಟಾಪ್‌ಗಳ ಸಾಮಾನ್ಯ ಅಳತೆ 1366 × 768 ಪಿಕ್ಸೆಲ್. ಅಂದರೆ 10,49,088 ಚುಕ್ಕೆಗಳು. ಸ್ಮೃತಿಯಲ್ಲಿ ಚುಕ್ಕೆಯೊಂದಕ್ಕೆ 4 ಬೈಟ್ ಎಂದರೆ ಒಂದು ಚಿತ್ರಕ್ಕೆ ಸುಮಾರು 42 ಲಕ್ಷ ಬೈಟ್. ಸೆಕೆಂಡಿಗೆ 60 ಬಾರಿ ಓದಿದರೆ ಸುಮಾರು 25 ಕೋಟಿ ಬೈಟ್. ಪ್ರತಿ ಚಿತ್ರಕ್ಕೆ ಸಿಗುವ ಕಾಲ 16.7 ಮಿಲಿಸೆಕೆಂಡ್ ಮಾತ್ರ. ಫಲಕ ಒಂದು ಚಿತ್ರವನ್ನು ತೋರಿಸುತ್ತಿರುವಾಗಲೇ ಸ್ಮೃತಿಯಲ್ಲಿ ಚಿತ್ರ ಬದಲಾದರೆ ಮೇಲರ್ಧ ಹಳೆಯದು, ಕೆಳಗಿನರ್ಧ ಹೊಸದು ಕಾಣುತ್ತದೆ. ಚಿತ್ರ ಹರಿದಂತೆ ಕಾಣುವುದು ಇದರಿಂದಲೇ. ಫಲಕಕ್ಕೆ ಏನೂ ಆಗಿರುವುದಿಲ್ಲ.

ಒಂದು ಗುಂಡಿ, ಹಲವು ಬದಲಾವಣೆ

ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕೆಂದು ನಾವು ಪಾಠ ಹೇಳುತ್ತೇವೆ. ಅಪ್‌ಗ್ರೇಡ್ ಈ ನಿಯಮವನ್ನು ಮುರಿಯುತ್ತದೆ. ಉಬುಂಟು 20.04 ಬಿಡುಗಡೆಯಾದಾಗ ಅದರಲ್ಲಿದ್ದ ಕರ್ನೆಲ್ 5.4, ಗ್ನೋಮ್ ಮೇಜುಪರದೆ 3.36. 22.04ರಲ್ಲಿ ಕರ್ನೆಲ್ 5.15, ಗ್ನೋಮ್ 42. ಜೊತೆಗೆ ಮೆಸಾ ಕೂಡ ಬದಲಾಯಿತು. ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. 20.04ರಲ್ಲಿ ಚಿತ್ರ ನಡೆಸುತ್ತಿದ್ದದ್ದು 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವ್ಯವಸ್ಥೆ. 22.04ರಲ್ಲಿ ಇಂಟೆಲ್, ಎಎಂಡಿ ಚಿಪ್‌ಗಳ ಯಂತ್ರಗಳು ತಾವಾಗಿಯೇ ವೇಲ್ಯಾಂಡ್‌ಗೆ ಹೊರಳಿದವು. ವೇಲ್ಯಾಂಡ್ ಎಂಬುದು 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಆರಂಭಿಸಿದ ಹೊಸ ವ್ಯವಸ್ಥೆ.

ಈ ಭಾಗಗಳು ಒಂದನ್ನೊಂದು ಅವಲಂಬಿಸಿರುವುದರಿಂದ ಒಟ್ಟಿಗೆ ಬದಲಿಸುವುದು ತಯಾರಕರಿಗೆ ಅನಿವಾರ್ಯ ಎಂಬುದನ್ನು ಒಪ್ಪೋಣ. ಆದರೆ ಗುಂಡಿ ಒತ್ತುವ ಶಿಕ್ಷಕನಿಗೆ ಇದನ್ನು ಕನ್ನಡದಲ್ಲಿ ನಾಲ್ಕು ಸಾಲಿನಲ್ಲಿ ತಿಳಿಸುವುದು ಅಸಾಧ್ಯವೇ? ಮುಕ್ತ ತಂತ್ರಾಂಶದ ಹೆಗ್ಗಳಿಕೆ ಎಂದರೆ ಅದರ ಮೂಲ ಸಂಕೇತವನ್ನು ಯಾರೂ ನೋಡಬಹುದು ಎಂಬುದು. ಏನು ಬದಲಾಯಿತೆಂಬುದೇ ತಿಳಿಯದ ಬಳಕೆದಾರನಿಗೆ ಆ ಸ್ವಾತಂತ್ರ್ಯ ಹೆಸರಿಗೆ ಮಾತ್ರ.

ಮೂರು ಮನೆಮದ್ದುಗಳು

ಈಗ ಹೆಚ್ಚು ಬಳಕೆಯಲ್ಲಿರುವ ಮೂರು ಸಲಹೆಗಳನ್ನು ನೋಡೋಣ.

ಮೊದಲನೆಯದು “ನೋಮೋಡ್‌ಸೆಟ್”. 2009ರ 2.6.29ನೇ ಆವೃತ್ತಿಯಿಂದ ಕರ್ನೆಲ್ ತಾನೇ ಪರದೆಯ ಅಳತೆಯನ್ನು ನಿಗದಿ ಮಾಡುವ ಕ್ರಮ ಬಂತು. ಆರಂಭದ ಸಾಲಿಗೆ ಈ ಪದ ಸೇರಿಸಿದರೆ ಆ ಕೆಲಸ ನಿಲ್ಲುತ್ತದೆ. ಕಪ್ಪು ಪರದೆ ಹೋಗಿ ಚಿತ್ರ ಬರಬಹುದು. ಆದರೆ ಗ್ರಾಫಿಕ್ಸ್ ಚಿಪ್ ಬಹುಪಾಲು ಸುಮ್ಮನಾಗಿ, ಅದರ ಭಾರ ಮುಖ್ಯ ಪ್ರೊಸೆಸರ್ ಮೇಲೆ ಬೀಳುತ್ತದೆ. ವಿಡಿಯೋ ಕುಂಟುತ್ತದೆ, ಪ್ರೊಜೆಕ್ಟರ್ ಗುರುತಿಗೆ ಬಾರದೆ ಹೋಗಬಹುದು, ಬೆಳಕು ಹೆಚ್ಚು ಕಡಿಮೆ ಮಾಡುವ ಕೀಲಿ ನಡೆಯದಿರಬಹುದು. ಪರೀಕ್ಷೆಯಾಗಿ ಇದು ಬಹಳ ಒಳ್ಳೆಯದು: ಇದರಿಂದ ಚಿತ್ರ ಬಂದರೆ ಸಂಶಯ ಡ್ರೈವರ್ ಮೇಲೆ ಬೀಳುತ್ತದೆ. ಚಿಕಿತ್ಸೆಯಾಗಿ ಇದು ಕುಂಟುವ ಕಾಲಿಗೆ ಊರುಗೋಲು ಕೊಟ್ಟು ಗುಣವಾಯಿತು ಎಂದಂತೆ. ಇದನ್ನು ಶಾಶ್ವತವಾಗಿ ಸೇರಿಸಲು ಹೇಳುವ ಬರಹಗಳು ಈ ಬೆಲೆಯನ್ನೂ ಹೇಳಬೇಕು.

ಎರಡನೆಯದು, “ಎಕ್ಸ್‌ಗೆ ಮರಳಿ”. 22.04 ಮತ್ತು 24.04ರಲ್ಲಿ ಗುಪ್ತಪದ ಕೇಳುವ ಪರದೆಯ ಕೆಳಮೂಲೆಯ ಹಲ್ಲುಚಕ್ರದ ಗುರುತನ್ನು ಒತ್ತಿದರೆ “ಉಬುಂಟು ಆನ್ ಎಕ್ಸ್‌ಆರ್ಗ್” ಎಂಬ ಆಯ್ಕೆ ಸಿಗುತ್ತದೆ. ಏನನ್ನೂ ಅಳಿಸದೆ, ಒಂದೇ ಅಂಶವನ್ನು ಬದಲಿಸಿ ನೋಡುವ ಈ ಸಲಹೆ ಮೂರರಲ್ಲಿ ಅತ್ಯುತ್ತಮ. ಆದರೂ ಇದಕ್ಕೆ ಅವಧಿ ಇದೆ. 2025ರ ಅಕ್ಟೋಬರಿನಲ್ಲಿ ಬಂದ 25.10ರಲ್ಲಿ ಗ್ನೋಮ್ ಮೇಜುಪರದೆಗೆ ಎಕ್ಸ್‌ನ ಆಯ್ಕೆ ಇಲ್ಲ. ದಿನಾಂಕವಿಲ್ಲದ ಬರಹದಲ್ಲಿ ಈ ಸಲಹೆ ಓದಿದವರು ಇಲ್ಲದ ಗುರುತನ್ನು ಹುಡುಕುತ್ತ ಕೂರಬೇಕಾದೀತು. ಔಷಧಿ ಸೀಸೆಯ ಮೇಲಿರುವಂತೆ ಇಂಥ ಬರಹದ ಮೇಲೂ ತಿಂಗಳು, ವರ್ಷ, ಆವೃತ್ತಿ ಇರಬೇಕು.

ಮೂರನೆಯದು, ಇಂಟೆಲ್ ಯಂತ್ರಗಳಲ್ಲಿ “ಪಿಎಸ್‌ಆರ್ ನಿಲ್ಲಿಸಿ”. ಪರದೆಯ ಚಿತ್ರ ಬದಲಾಗದಿದ್ದಾಗ 25 ಕೋಟಿ ಬೈಟ್‌ಗಳನ್ನು ಸುಮ್ಮನೆ ಕಳಿಸುವುದೇಕೆ? ಫಲಕವೇ ತನ್ನ ಸಣ್ಣ ಸ್ಮೃತಿಯಿಂದ ಚಿತ್ರವನ್ನು ಮತ್ತೆ ಮತ್ತೆ ತೋರಿಸಲಿ, ಚಿಪ್ ವಿಶ್ರಮಿಸಲಿ ಎಂಬುದು ಈ ಉಪಾಯ. ಬ್ಯಾಟರಿ ಉಳಿಯುತ್ತದೆ. ಆದರೆ ಕೆಲವು ಫಲಕಗಳಲ್ಲಿ ವಿಶ್ರಾಂತಿಯಿಂದ ಏಳುವಾಗ ಪರದೆ ಮಿಣುಕುತ್ತದೆ. ಏನೂ ಮಾಡದೆ ಕುಳಿತಾಗ ಅಥವಾ ನಿಧಾನವಾಗಿ ಅಕ್ಷರ ಒತ್ತುವಾಗ ಮಿಣುಕಿ, ವಿಡಿಯೋ ಓಡುವಾಗ ಸರಿಯಿದ್ದರೆ ಈ ಸಂಶಯ ಬಲವಾಗುತ್ತದೆ. ಆಗ ಇದನ್ನು ನಿಲ್ಲಿಸಿ ನೋಡುವುದು ಸರಿ. ಎಲ್ಲ ಬಗೆಯ ಮಿಣುಕಿಗೂ ಇದೇ ಮದ್ದು ಎನ್ನುವುದು ತಪ್ಪು. ಎಎಂಡಿ ಯಂತ್ರದಲ್ಲಿ ಇಂಟೆಲ್ ಡ್ರೈವರ್‌ನ ಆಜ್ಞೆ ಬರೆದರೆ ಏನೂ ಆಗುವುದಿಲ್ಲ.

ವಾಲ್ವ್ ತೆರೆದು ನೋಡುವ ಕ್ರಮ

ಹಾಗಾದರೆ ಸರಿಯಾದ ಕ್ರಮ ಯಾವುದು? ಕೆಳಗಿನ ಪರೀಕ್ಷೆಗಳಿಗೆ ಹಣ ಬೇಕಿಲ್ಲ, ಯಾವುದೂ ಕಡತಗಳನ್ನು ಅಳಿಸುವುದಿಲ್ಲ.

1. ಲಿನಕ್ಸ್ ಆರಂಭವಾಗುವ ಮೊದಲೇ ಬಯೋಸ್ ಪರದೆಯನ್ನು ತೆರೆದು ಐದು ನಿಮಿಷ ಬಿಡಿ. ಅಲ್ಲಿಯೂ ಗೆರೆ, ಮಿಣುಕು ಕಂಡರೆ ಲಿನಕ್ಸ್ ನಿರಪರಾಧಿ. ಮುಚ್ಚಳವನ್ನು ಹಿಂದೆ ಮುಂದೆ ವಾಲಿಸಿದಾಗ ದೋಷ ಬದಲಾದರೆ ಕೇಬಲ್ ಸಡಿಲವಿರಬಹುದು. ಈಗ ದುರಸ್ತಿ ಅಂಗಡಿಗೆ ಹೋಗಲು ಕಾರಣ ಸಿಕ್ಕಿತು.

2. ಗ್ರಬ್ ಪಟ್ಟಿಯ “ಅಡ್ವಾನ್ಸ್ಡ್ ಆಪ್ಷನ್ಸ್” ತೆರೆದು ಹಳೆಯ ಕರ್ನೆಲ್ ಇದ್ದರೆ ಅದರಿಂದ ಆರಂಭಿಸಿ. ಪಟ್ಟಿ ಕಾಣದಿದ್ದರೆ ಯಂತ್ರ ಆರಂಭವಾಗುವಾಗ ಎಸ್ಕೇಪ್ ಅಥವಾ ಶಿಫ್ಟ್ ಕೀಲಿ ಒತ್ತಬೇಕು. ಹಳೆಯದರಲ್ಲಿ ಸರಿಯಿದ್ದು ಹೊಸದರಲ್ಲಿ ಕೆಟ್ಟರೆ ದೋಷ ಕರ್ನೆಲ್‌ನ ಡ್ರೈವರ್‌ನಲ್ಲಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಆದ್ದರಿಂದ ಅಪ್‌ಗ್ರೇಡ್ ಮುಗಿದ ಕೂಡಲೇ ಹಳೆಯ ಕರ್ನೆಲ್‌ಗಳನ್ನು ಅಳಿಸುವ ಆತುರ ಬೇಡ.

3. ದೋಷ ಕಾಣುತ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆಯಿರಿ, ಮೊಬೈಲಿನಿಂದ ಫೋಟೋವನ್ನೂ ತೆಗೆಯಿರಿ. ಸ್ಕ್ರೀನ್‌ಶಾಟ್ ಸಿಗುವುದು ಸ್ಮೃತಿಯಿಂದ, ಫೋಟೋ ಸಿಗುವುದು ಫಲಕದಿಂದ. ಎರಡರಲ್ಲೂ ದೋಷವಿದ್ದರೆ ಅದು ಚಿತ್ರ ರಚಿಸುವ ಮೇಲಿನ ಹಂತದ್ದು. ಫೋಟೋದಲ್ಲಿ ಮಾತ್ರ ಇದ್ದರೆ ಡ್ರೈವರ್, ಕೇಬಲ್, ಫಲಕ ಎಂಬ ಕೆಳಗಿನ ಹಂತದ್ದು. ಪೈಪ್‌ಲೈನಿನ ನಡುವಿನ ವಾಲ್ವ್ ಇದೇ.

4. ಬೇರೆ ಮಾನಿಟರ್ ಜೋಡಿಸಿ ನೋಡಿ. ಅದರಲ್ಲಿ ಸರಿಯಿದ್ದರೆ ಸಂಶಯ ಒಳಗಿನ ಫಲಕ ಮತ್ತು ಅದರ ಸಂಪರ್ಕಕ್ಕೆ ಸೀಮಿತವಾಗುತ್ತದೆ.

ಆಗೊಮ್ಮೆ ಈಗೊಮ್ಮೆ ಬರುವ ದೋಷಕ್ಕೆ ಒಂದು ಬಾರಿಯ ಪರೀಕ್ಷೆ ಸಾಲದು. ಪ್ರತಿಯೊಂದನ್ನೂ ಮೂರು ನಾಲ್ಕು ಬಾರಿ ಮಾಡಿ ಬರೆದಿಡಬೇಕು.

ಪರದೆಯ ದೋಷವಲ್ಲದ ದೋಷಗಳು

ಎರಡು ತೊಂದರೆಗಳನ್ನು ಮೇಲಿನವುಗಳೊಂದಿಗೆ ಬೆರೆಸಬಾರದು. ಈ ಗಡಿಭಾಗದಲ್ಲಿ ಒಂದೇ ಯಂತ್ರದಲ್ಲಿ ಕನ್ನಡವನ್ನೂ ಮರಾಠಿಯನ್ನೂ ಬರೆಯುವುದುಂಟು. ಅಕ್ಷರಗಳ ಬದಲು ಚೌಕದ ಡಬ್ಬಿಗಳು ಕಂಡರೆ ಆ ಲಿಪಿಯ ಫಾಂಟ್ ಇಲ್ಲ ಎಂದರ್ಥ. ಹಳೆಯ ನುಡಿ ಕಡತ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ ಕಡತ ಯೂನಿಕೋಡ್‌ನಲ್ಲಿಲ್ಲ ಎಂದರ್ಥ. ಎರಡಕ್ಕೂ ಗ್ರಾಫಿಕ್ಸ್ ಡ್ರೈವರ್‌ಗೂ ಸಂಬಂಧವಿಲ್ಲ.

ಪ್ರೊಜೆಕ್ಟರ್‌ನಲ್ಲಿ ಚಿತ್ರ ಮಸುಕಾಗಿ, ತಪ್ಪು ಅಳತೆಯಲ್ಲಿ ಬರುವುದು ಇನ್ನೊಂದು. ಪ್ರೊಜೆಕ್ಟರ್ ತನ್ನ ಅಳತೆಗಳನ್ನು ಇಡಿಐಡಿ ಎಂಬ ಮಾಹಿತಿಯಾಗಿ ಲ್ಯಾಪ್‌ಟಾಪಿಗೆ ತಿಳಿಸುತ್ತದೆ. ಇದರ ಮೂಲ ಭಾಗ ಕೇವಲ 128 ಬೈಟ್. ವಿಜಿಎ ಕೇಬಲ್‌ನ ಆ ತಂತಿ ತುಂಡಾಗಿದ್ದರೆ ಲ್ಯಾಪ್‌ಟಾಪ್ ಅಂದಾಜಿನ ಅಳತೆ ಕಳಿಸುತ್ತದೆ. ಅಪ್‌ಗ್ರೇಡ್ ಮಾಡಿದ ಮರುದಿನ ಹೀಗಾದರೂ ಮೊದಲು ಬದಲಿಸಿ ನೋಡಬೇಕಾದದ್ದು ಕೇಬಲ್.

ಇದು ಪಾಠವೂ ಹೌದು

ಸಂಶಯದ ವಲಯವನ್ನು ಅರ್ಧ ಅರ್ಧ ಮಾಡುತ್ತ ಹೋಗುವ ಈ ವಿಧಾನವನ್ನೇ ಕರ್ನೆಲ್ ರಚಿಸುವವರೂ ಬಳಸುತ್ತಾರೆ. ಎರಡು ಆವೃತ್ತಿಗಳ ನಡುವೆ 1024 ಬದಲಾವಣೆಗಳಿದ್ದರೆ ದೋಷ ತಂದದ್ದು ಯಾವುದೆಂದು ತಿಳಿಯಲು 1024 ಪರೀಕ್ಷೆ ಬೇಡ. ಪ್ರತಿ ಬಾರಿ ನಡುವಿನದನ್ನು ಪರೀಕ್ಷಿಸಿದರೆ 10 ಸಾಕು, ಏಕೆಂದರೆ 2ರ 10ನೇ ಘಾತ 1024. ಹಳೆಯದರಲ್ಲಿ ನಡೆಯುತ್ತಿದ್ದದ್ದು ಹೊಸದರಲ್ಲಿ ಕೆಡಬಾರದು ಎಂಬ ನಿಯಮವನ್ನು ಅವರು ಒಪ್ಪಿಕೊಂಡಿದ್ದಾರೆ. ಆದ್ದರಿಂದ “ಪರದೆ ಸರಿಯಿಲ್ಲ” ಎಂಬ ದೂರಿಗಿಂತ “ಈ ಕರ್ನೆಲ್‌ನಲ್ಲಿ ಸರಿ, ಆ ಕರ್ನೆಲ್‌ನಲ್ಲಿ ತಪ್ಪು, ಸ್ಕ್ರೀನ್‌ಶಾಟ್‌ನಲ್ಲಿ ಕಾಣುವುದಿಲ್ಲ” ಎಂಬ ವರದಿಗೆ ಬೆಲೆ ಹೆಚ್ಚು. ಇಂಥ ವರದಿಯನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಬರೆಯಬಲ್ಲ.

ಕೊನೆಯದಾಗಿ, ಅಪ್‌ಗ್ರೇಡ್ ಮಾಡಬೇಕಾದವರಿಗೆ ಒಂದು ಮಾತು. ಮೊದಲು ಕಡತಗಳ ಪ್ರತಿ ತೆಗೆದಿಡಿ. ನಂತರ ಹೊಸ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಹಾಕಿ, ಯಂತ್ರದಲ್ಲಿ ಸ್ಥಾಪಿಸದೆ ಅಲ್ಲಿಂದಲೇ ಒಂದು ಗಂಟೆ ನಡೆಸಿ ನೋಡಿ. ಪ್ರೊಜೆಕ್ಟರ್ ಜೋಡಿಸಿ, ವಿಡಿಯೋ ಓಡಿಸಿ, ಮುಚ್ಚಳ ಮುಚ್ಚಿ ತೆರೆಯಿರಿ. ಮಿಣುಕು ಅಲ್ಲಿಯೇ ಕಂಡರೆ ಅಪ್‌ಗ್ರೇಡ್ ಮುಂದೂಡಬಹುದು. ಕಾಣದಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. ಗಣಕ ಕೊಠಡಿಯಲ್ಲಿ ಒಂದು ನೋಟ್‌ಬುಕ್ ಇಟ್ಟು ದಿನಾಂಕ, ಆವೃತ್ತಿ, ಕಂಡ ದೋಷ, ಮಾಡಿದ ಒಂದೊಂದು ಬದಲಾವಣೆ, ಅದರ ಫಲಿತಾಂಶ ಇಷ್ಟನ್ನು ಬರೆಯುತ್ತ ಹೋದರೆ, ಮುಂದಿನ ಸಲ ಪಕ್ಕದ ಊರಿನ ಶಾಲೆಗೂ ಅದು ಉಪಯೋಗಕ್ಕೆ ಬರುತ್ತದೆ.