ಒಂದು ಗ್ರಹದ ಪತನ, ಹಲವು ಕಾಲಗಣನೆ: ‘ಹೇಲೊ: ದಿ ಫಾಲ್ ಆಫ್ ರೀಚ್’ ಕಾದಂಬರಿ ಮತ್ತು ಅಭಿಮಾನಿಗಳ ಭಿನ್ನಮತ

೧

ವಿಡಿಯೊ ಆಟಗಳನ್ನು ಆಧರಿಸಿದ ಕಾದಂಬರಿಗಳನ್ನು ಸಾಹಿತ್ಯ ವಿಮರ್ಶೆ ಬಹುಕಾಲ ತನ್ನ ಪರಿಧಿಯ ಹೊರಗೇ ಇರಿಸಿತ್ತು. ಆಟದ ಒಡೆತನ ಹೊಂದಿರುವ ಸಂಸ್ಥೆಯ ಅನುಮತಿ ಪಡೆದು, ಅದು ನಿಗದಿಪಡಿಸಿದ ಪಾತ್ರ, ಸ್ಥಳ, ಕಾಲಗಳ ಚೌಕಟ್ಟಿನೊಳಗೆ ಒಪ್ಪಂದದ ಮೇರೆಗೆ ರಚಿತವಾಗುವ ಈ ಕೃತಿಗಳು ಒಂದು ಸರಕಿಗೆ ಲಗತ್ತಾದ ಮತ್ತೊಂದು ಸರಕು ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಇಂಥ ಕೃತಿಗಳ ಓದುಗರು ಅವನ್ನು ಸರಕೆಂದು ಬಗೆದು ಓದುವುದಿಲ್ಲ. ಅವರು ದಿನಾಂಕಗಳನ್ನು ತಾಳೆ ನೋಡುತ್ತಾರೆ, ಪಾಠಾಂತರಗಳನ್ನು ಗುರುತಿಸುತ್ತಾರೆ, ಯಾವುದು ಪ್ರಮಾಣ, ಯಾವುದು ಪ್ರಕ್ಷಿಪ್ತ ಎಂದು ವಾದಿಸುತ್ತಾರೆ. ಗ್ರಂಥಸಂಪಾದಕರು ಓಲೆಗರಿಗಳ ಮುಂದೆ ಕುಳಿತು ಮಾಡುವ ಕೆಲಸವನ್ನು ಇವರು ಕಡಿಮೆ ಬೆಲೆಯ ಪುಸ್ತಕಗಳ ಮುಂದೆ ಕುಳಿತು ಮಾಡುತ್ತಾರೆ.

ಈ ಬಗೆಯ ವಾಗ್ವಾದಕ್ಕೆ ಸಮೃದ್ಧವಾದ ನಿದರ್ಶನ ಎರಿಕ್ ನೈಲಂಡ್ ಅವರ ‘ಹೇಲೊ: ದಿ ಫಾಲ್ ಆಫ್ ರೀಚ್’. ೨೦೦೧ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ವಿಜ್ಞಾನ ಕಾದಂಬರಿಯು ಅದೇ ವರ್ಷದ ನವೆಂಬರ್ ೧೫ರಂದು ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ ಯಂತ್ರದೊಂದಿಗೆ ಬಿಡುಗಡೆಯಾದ, ಬಂಗೀ ಸಂಸ್ಥೆ ನಿರ್ಮಿಸಿದ ‘ಹೇಲೊ: ಕಾಂಬ್ಯಾಟ್ ಇವಾಲ್ವ್ಡ್’ ಆಟದ ಪೂರ್ವಕಥೆಯನ್ನು ಹೇಳುತ್ತದೆ. ಒಂಬತ್ತು ವರ್ಷಗಳ ತರುವಾಯ ಅದೇ ಬಂಗೀ ಸಂಸ್ಥೆ ಅದೇ ಗ್ರಹದ ಪತನವನ್ನೇ ವಸ್ತುವಾಗಿಸಿಕೊಂಡ ‘ಹೇಲೊ: ರೀಚ್’ ಆಟವನ್ನು ಹೊರತಂದಿತು. ಎರಡು ನಿರೂಪಣೆಗಳು ಪರಸ್ಪರ ಹೊಂದಲಿಲ್ಲ. ಅಭಿಮಾನಿಗಳು ಪಂಗಡಗಳಾಗಿ ಒಡೆದರು. ಮೇಲ್ನೋಟಕ್ಕೆ ದಿನಾಂಕಗಳ ತಕರಾರಾಗಿ ಕಾಣುವ ಈ ಭಿನ್ನಮತದ ಅಡಿಯಲ್ಲಿ ಇನ್ನೂ ಗಂಭೀರವಾದ ಪ್ರಶ್ನೆಯೊಂದು ಅಡಗಿದೆ.

೨

ಮೊದಲು ಕಾದಂಬರಿಯ ಸ್ವರೂಪವನ್ನು ಗಮನಿಸಬಹುದು. ೨೦೦೧ರ ಆಟದಲ್ಲಿ ನಾಯಕನಿಗೆ ಹೆಸರಿಲ್ಲ, ‘ಮಾಸ್ಟರ್ ಚೀಫ್’ ಎಂಬ ಹುದ್ದೆ ಮಾತ್ರ ಇದೆ. ಅವನ ಮುಖವೂ ಕಾಣದು. ಆಡುವವನು ಆ ಶಿರಸ್ತ್ರಾಣದೊಳಗೆ ತನ್ನನ್ನೇ ಇರಿಸಿಕೊಳ್ಳಲಿ ಎಂಬುದು ಆಟದ ತಂತ್ರ. ಕಾದಂಬರಿ ಈ ಶೂನ್ಯವನ್ನು ತುಂಬುತ್ತದೆ. ಕ್ರಿ.ಶ. ೨೫೧೭ರಲ್ಲಿ ಡಾ. ಕ್ಯಾಥರೀನ್ ಹಾಲ್ಸಿ ಎಂಬ ವಿಜ್ಞಾನಿ ಯುವ ಅಧಿಕಾರಿ ಜೇಕಬ್ ಕೀಸ್‌ನೊಂದಿಗೆ ದೂರದ ವಸಾಹತು ಗ್ರಹವೊಂದಕ್ಕೆ ಹೋಗಿ ಜಾನ್ ಎಂಬ ಆರು ವರ್ಷದ ಹುಡುಗನನ್ನು ಕಾಣುತ್ತಾಳೆ. ಚಿಮ್ಮಿದ ನಾಣ್ಯ ಯಾವ ಮುಖವಾಗಿ ಬೀಳುವುದೆಂದು ಅವನು ಸರಿಯಾಗಿ ಹೇಳುತ್ತಾನೆ, ನಾಣ್ಯ ಅವನದಾಗುತ್ತದೆ. ಮಗುವಿಗೆ ಅದು ಆಟ, ಹಾಲ್ಸಿಗೆ ಪರೀಕ್ಷೆ. ಅನಂತರ ಜಾನ್‌ನೂ ಸೇರಿದಂತೆ ಎಪ್ಪತ್ತೈದು ಮಕ್ಕಳನ್ನು ಮನೆಗಳಿಂದ ಅಪಹರಿಸಿ, ಅವರ ಜಾಗದಲ್ಲಿ ಬೇಗ ಸಾಯುವ ತದ್ರೂಪಿಗಳನ್ನು ಇರಿಸಲಾಗುತ್ತದೆ. ತಂದೆತಾಯಿಗಳು ತಮ್ಮವಲ್ಲದ ಮಕ್ಕಳನ್ನು ತಮ್ಮವೆಂದೇ ತಿಳಿದು ಮಣ್ಣು ಮಾಡುತ್ತಾರೆ.

ರೀಚ್ ಗ್ರಹದಲ್ಲಿ ಮೆಂಡೆಜ್ ಎಂಬ ದಳಪತಿಯ ಕೈಕೆಳಗೆ ಈ ಮಕ್ಕಳಿಗೆ ಸೈನಿಕ ತರಬೇತಿ ನಡೆಯುತ್ತದೆ. ಮೊದಲ ದಿನಗಳ ಸ್ಪರ್ಧೆಯೊಂದರಲ್ಲಿ ಜಾನ್ ಎಲ್ಲರಿಗಿಂತ ಮುಂದೆ ಗುರಿ ಮುಟ್ಟಿದರೂ ಅವನ ತಂಡ ಕೊನೆಯದಾದುದರಿಂದ ರಾತ್ರಿಯೂಟ ತಪ್ಪುತ್ತದೆ. ಒಬ್ಬನ ಗೆಲುವು ಗೆಲುವಲ್ಲವೆಂಬ ಪಾಠವನ್ನು ಮಕ್ಕಳು ಹಸಿವಿನ ಮೂಲಕ ಕಲಿಯುವ ಈ ಪ್ರಸಂಗ ಕೃತಿಯ ಅತ್ಯಂತ ಸಫಲ ಭಾಗಗಳಲ್ಲೊಂದು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವರ ದೇಹಗಳನ್ನು ಶಸ್ತ್ರಕ್ರಿಯೆಯಿಂದ ಮಾರ್ಪಡಿಸಿದಾಗ ಎಪ್ಪತ್ತೈದರಲ್ಲಿ ಮೂವತ್ತಮೂರು ಮಂದಿ ಮಾತ್ರ ಸೈನಿಕರಾಗಿ ಉಳಿಯುತ್ತಾರೆ; ಉಳಿದವರು ಸಾಯುತ್ತಾರೆ ಅಥವಾ ಅಂಗವಿಕಲರಾಗುತ್ತಾರೆ. ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. ಈ ಯೋಜನೆ ಆರಂಭವಾದದ್ದು ಕೊವೆನೆಂಟ್ ಎಂಬ ಅನ್ಯಗ್ರಹ ಶತ್ರುವನ್ನು ಎದುರಿಸುವುದಕ್ಕಲ್ಲ, ಮಾನವರದೇ ವಸಾಹತುಗಳಲ್ಲಿ ಎದ್ದ ದಂಗೆಗಳನ್ನು ಅಡಗಿಸುವುದಕ್ಕೆ. ಶತ್ರು ಬಂದದ್ದು ೨೫೨೫ರಲ್ಲಿ. ಅಪರಾಧ ನಡೆದದ್ದು ಅದಕ್ಕೂ ಎಂಟು ವರ್ಷ ಮೊದಲು. ಯುದ್ಧವು ಅಪರಾಧಕ್ಕೆ ಆಮೇಲೆ ದೊರೆತ ಸಮರ್ಥನೆಯಾಗುತ್ತದೆ.

ಕಾದಂಬರಿಯ ದೋಷಗಳೂ ಸ್ಪಷ್ಟವಾಗಿವೆ. ನೈಲಂಡ್ ಇದನ್ನು ಏಳು ವಾರಗಳಲ್ಲಿ ಬರೆದು ಮುಗಿಸಿದರು. ಆ ಅವಸರದ ಗುರುತು ಉತ್ತರಾರ್ಧದಲ್ಲಿ ಕಾಣುತ್ತದೆ. ನೌಕೆಗಳ ಹೆಸರು, ಅಸ್ತ್ರಗಳ ಸಾಮರ್ಥ್ಯ, ಹುದ್ದೆಗಳ ಶ್ರೇಣಿ ಇವುಗಳ ಪಟ್ಟಿಯಲ್ಲಿ ಪಾತ್ರಗಳು ತೆಳುವಾಗುತ್ತವೆ. ಒಂಟಿ ನೌಕೆಯೊಂದಿಗೆ ಕೀಸ್ ಶತ್ರುಗಳ ನಾಲ್ಕು ನೌಕೆಗಳನ್ನು ಎದುರಿಸುವ ಪ್ರಸಂಗ ಯುದ್ಧಪ್ರಿಯ ಓದುಗರ ಮೆಚ್ಚುಗೆಗೆ ಪಾತ್ರವಾಗಿದೆಯಾದರೂ ಅದು ಜಾಣ್ಮೆಯ ಲೆಕ್ಕವೇ ಹೊರತು ಅನುಭವವಲ್ಲ. ಪೂರ್ವಾರ್ಧದ ಮಕ್ಕಳು ಉತ್ತರಾರ್ಧದಲ್ಲಿ ಕವಚಗಳಾಗಿಬಿಡುತ್ತಾರೆ. ಇದು ಕಥೆಯ ತಾರ್ಕಿಕ ಪರಿಣಾಮವೆಂದು ಸಮರ್ಥಿಸುವವರುಂಟು. ಲೇಖಕರ ಆಸಕ್ತಿ ಬೇರೆಡೆಗೆ ಹೊರಳಿತೆನ್ನುವುದು ಹೆಚ್ಚು ಸರಿಯಾದೀತು.

೩

೨೦೧೦ರ ಸೆಪ್ಟೆಂಬರ್ ೧೪ರಂದು ಬಿಡುಗಡೆಯಾದ ‘ಹೇಲೊ: ರೀಚ್’ ಆಟವು ಬಂಗೀ ಸಂಸ್ಥೆಯ ಕೊನೆಯ ಹೇಲೊ ಕೃತಿ. ಕಾದಂಬರಿಯ ಪ್ರಕಾರ ರೀಚ್ ಮೇಲೆ ಆಕ್ರಮಣ ನಡೆಯುವುದು ೨೫೫೨ರ ಆಗಸ್ಟ್ ೩೦ರಂದು. ಒಂದೇ ದಿನದಲ್ಲಿ ಗ್ರಹದ ರಕ್ಷಣೆ ಮುರಿದುಬೀಳುತ್ತದೆ. ಅದರ ಮುನ್ನಾದಿನಗಳಲ್ಲಿ ಸ್ಪಾರ್ಟನ್ ಸೈನಿಕರು ಅಲ್ಲೇ ನೆರೆದು, ಬೇರೊಂದು ಕಾರ್ಯಾಚರಣೆಗೆ ನಿಶ್ಚಿಂತೆಯಿಂದ ಸಿದ್ಧರಾಗುತ್ತಿರುತ್ತಾರೆ. ಆಟದಲ್ಲಿಯಾದರೋ ಶತ್ರು ಜುಲೈ ೨೪ರಂದೇ ಗ್ರಹದ ಮೇಲೆ ಕಾಣಿಸಿಕೊಳ್ಳುತ್ತಾನೆ. ಆಗಸ್ಟ್ ೨೩ರ ಹೊತ್ತಿಗೆ ನ್ಯೂ ಅಲೆಕ್ಸಾಂಡ್ರಿಯ ಎಂಬ ಮಹಾನಗರ ಉರಿಯುತ್ತಿರುತ್ತದೆ. ಕಾದಂಬರಿಯಲ್ಲಿ ‘ಪಿಲ್ಲರ್ ಆಫ್ ಆಟಮ್’ ನೌಕೆ ಅಂತರಿಕ್ಷದಿಂದಲೇ ಪಾರಾಗುತ್ತದೆ. ಆಟದಲ್ಲಿ ಅದು ನೆಲದ ಮೇಲಿನ ನೌಕಾಂಗಣದಿಂದ ಮೇಲೇಳುತ್ತದೆ. ನೈಲಂಡ್ ಅವರೇ ‘ಗೋಸ್ಟ್ಸ್ ಆಫ್ ಓನಿಕ್ಸ್’ (೨೦೦೬) ಕಾದಂಬರಿಯಲ್ಲಿ ಮೂರನೆಯ ತಲೆಮಾರಿನ ಸ್ಪಾರ್ಟನ್ನರನ್ನು ಹಾಲ್ಸಿಯಿಂದಲೂ ಮುಚ್ಚಿಟ್ಟ ರಹಸ್ಯವಾಗಿ ಚಿತ್ರಿಸಿದ್ದರು. ಆಟದಲ್ಲಿ ಬಹುಪಾಲು ಅವರಿಂದಲೇ ಕೂಡಿದ ‘ನೋಬಲ್’ ತಂಡದೊಂದಿಗೆ ಹಾಲ್ಸಿ ಮುಖಾಮುಖಿ ಮಾತನಾಡುತ್ತಾಳೆ.

ಇದಕ್ಕೆ ಅಭಿಮಾನಿಗಳ ಪ್ರತಿಕ್ರಿಯೆಯನ್ನು ಸ್ಥೂಲವಾಗಿ ಮೂರು ಪಕ್ಷಗಳಾಗಿ ವಿಂಗಡಿಸಬಹುದು. ಮೊದಲನೆಯದು ಗ್ರಂಥಪಕ್ಷ. ಕಾದಂಬರಿ ಆಟಕ್ಕಿಂತ ಮೊದಲೇ ಬಂದು, ಒಂಬತ್ತು ವರ್ಷ ಇತಿಹಾಸವಾಗಿ ಅಂಗೀಕೃತವಾಗಿತ್ತು; ಅದನ್ನು ನಂಬಿ ಓದಿದವರ ಶ್ರದ್ಧೆಗೆ ಬೆಲೆಯಿಲ್ಲವೇ ಎಂಬುದು ಇವರ ಪ್ರಶ್ನೆ. ಎರಡನೆಯದು ಆಟಪಕ್ಷ. ಹೇಲೊ ಲೋಕವನ್ನು ಸೃಷ್ಟಿಸಿದವರೇ ಹೇಳಿದ ಕಥೆಗೆ ಪ್ರಾಮಾಣ್ಯ ಹೆಚ್ಚು. ಒಂದು ದಿನದಲ್ಲಿ ಮುಗಿದುಹೋಗುವ ಪತನಕ್ಕಿಂತ ವಾರಗಟ್ಟಲೆ ನಗರದಿಂದ ನಗರಕ್ಕೆ ಹರಡುವ ಪತನವೇ ಮನಸ್ಸನ್ನು ಕಲಕುತ್ತದೆ ಎಂಬುದು ಇವರ ನಿಲುವು. ಮೂರನೆಯದು ಸಮನ್ವಯಪಕ್ಷ. ಆರಂಭದ ಆಕ್ರಮಣವನ್ನು ಸೇನಾಧಿಕಾರ ಗುಟ್ಟಾಗಿರಿಸಿತ್ತು, ದೊಡ್ಡ ನೌಕಾಪಡೆ ಬಂದದ್ದು ಮಾತ್ರ ಆಗಸ್ಟ್ ೩೦ರಂದು ಎಂಬಂಥ ವ್ಯಾಖ್ಯಾನಗಳಿಂದ ಎರಡನ್ನೂ ಉಳಿಸಿಕೊಳ್ಳುವುದು ಇವರ ಯತ್ನ.

ಒಡೆತನದ ಸಂಸ್ಥೆಯೂ ಸಮನ್ವಯದ ಕಡೆಗೇ ವಾಲಿತು. ಆಟದ ವಿಶೇಷ ಆವೃತ್ತಿಗಳೊಂದಿಗೆ ಹಾಲ್ಸಿಯ ದಿನಚರಿಯ ರೂಪದ ಪುಸ್ತಕವೊಂದನ್ನು ನೀಡಲಾಯಿತು. ಅದೇ ೨೦೧೦ರಲ್ಲಿ ಟಾರ್ ಪ್ರಕಾಶನ ಕಾದಂಬರಿಯನ್ನು ಕೆಲವು ತಿದ್ದುಪಡಿಗಳೊಡನೆ ಮರುಮುದ್ರಿಸಿತು. ಆದರೆ ಪತನದ ಮೂಲ ಚಿತ್ರ ಬದಲಾಗಲಿಲ್ಲ. ೨೦೨೨ರಿಂದ ೨೦೨೪ರವರೆಗೆ ಎರಡು ಋತುಗಳಲ್ಲಿ ಬಂದ ದೂರದರ್ಶನ ಸರಣಿಯಲ್ಲಿ ರೀಚ್ ಇನ್ನೊಂದು ಬಗೆಯಲ್ಲಿ ಪತನಗೊಂಡಾಗ ಅದು ಪ್ರತ್ಯೇಕ ಕಾಲರೇಖೆಯೆಂದೇ ಸಾರಲಾಗಿತ್ತು.

೪

ಪ್ರಸಿದ್ಧ ಕಥೆಯನ್ನು ಬದಲಿಸುವ ಹಕ್ಕಿನ ಪ್ರಶ್ನೆ ಭಾರತೀಯ ಕಾವ್ಯಮೀಮಾಂಸೆಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನ ‘ಧ್ವನ್ಯಾಲೋಕ’ದ ಮೂರನೆಯ ಉದ್ಯೋತದಲ್ಲಿ, ಪರಂಪರೆಯಿಂದ ಬಂದ ಇತಿವೃತ್ತದಲ್ಲಿ ರಸಕ್ಕೆ ಅನುಗುಣವಲ್ಲದ ಅಂಶವಿದ್ದರೆ ಕವಿ ಅದನ್ನು ಬಿಟ್ಟು, ರಸೋಚಿತವಾದುದನ್ನು ಕಲ್ಪಿಸಿಕೊಳ್ಳಬೇಕೆನ್ನುತ್ತಾನೆ. ನಡೆದದ್ದನ್ನು ನಡೆದಂತೆ ಹೇಳಿಬಿಡುವುದರಿಂದ ಕವಿಗೆ ಪ್ರಯೋಜನವಿಲ್ಲ, ಆ ಕೆಲಸಕ್ಕೆ ಇತಿಹಾಸವಿದೆ ಎಂಬುದು ಅವನ ಆಶಯ. ಈ ಮಾನದಂಡದಿಂದ ನೋಡಿದರೆ ಆಟಪಕ್ಷದ ವಾದ ದುರ್ಬಲವೇನಲ್ಲ. ಸೋಲು ಖಚಿತವೆಂದು ಮೊದಲೇ ತಿಳಿದಿರುವ ಆಟವೊಂದನ್ನು ಆಡಿಸಿ, ಕೊನೆಗೆ ನಾಯಕನ ಮರಣದವರೆಗೂ ಆಡುವವನನ್ನು ಬಿಡದೆ ಕರೆದೊಯ್ಯುವ ೨೦೧೦ರ ಕೃತಿ ಕರುಣವನ್ನು ಸಾಧಿಸುತ್ತದೆ. ಅದಕ್ಕಾಗಿ ಅದು ದಿನಾಂಕಗಳನ್ನು ಮುರಿದಿದ್ದರೆ ದೊಡ್ಡ ದೋಷವಲ್ಲ.

ಆದರೆ ಆನಂದವರ್ಧನನ ಕವಿಗೆ ಕಥೆಯ ಒಡೆಯನಿರಲಿಲ್ಲ. ಇಲ್ಲಿ ಒಡೆಯನಿದ್ದಾನೆ. ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂಬ ತೀರ್ಪು ಕೊಡುವ ಅಧಿಕಾರ ಕಾನೂನಿನ ಪ್ರಕಾರ ಅವನದು. ಓದುಗನ ಬಳಿ ಇರುವುದು ನೆನಪು ಮಾತ್ರ. ತಿದ್ದುಪಡಿಗಳ ಪಟ್ಟಿ ಮಾಡುವ ಅಭಿಮಾನಿ ಆ ನೆನಪಿನ ಹಕ್ಕನ್ನು ಮಂಡಿಸುತ್ತಿರುತ್ತಾನೆ. ಬೇರೊಂದು ಆಟಸರಣಿಯ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ೨೦೧೨ರಲ್ಲಿ ವಿಲಿಯಂ ಸಿ. ಡೀಟ್ಜ್ ಅವರ ‘ಮಾಸ್ ಎಫೆಕ್ಟ್: ಡಿಸೆಪ್ಷನ್’ ಪ್ರಕಟವಾದಾಗ ಓದುಗರು ಅದರ ತಪ್ಪುಗಳ ದೀರ್ಘ ಪಟ್ಟಿಯೊಂದನ್ನು ಸಿದ್ಧಪಡಿಸಿದರು, ಪ್ರಕಾಶಕರಾದ ಡೆಲ್ ರೇ ಮತ್ತು ಆಟ ನಿರ್ಮಿಸಿದ ಬಯೋವೇರ್ ಕ್ಷಮೆ ಕೋರಿ, ಮುಂದಿನ ಮುದ್ರಣಗಳಲ್ಲಿ ತಿದ್ದುವುದಾಗಿ ಹೇಳಬೇಕಾಯಿತು. ಆ ಪಟ್ಟಿಯಲ್ಲಿ ಕಾಲ, ಸ್ಥಳ, ತಂತ್ರಜ್ಞಾನದ ದೋಷಗಳು ಹಲವಿದ್ದವು. ಅವುಗಳ ನಡುವೆ ಬೇರೆ ತೂಕದ ಆಕ್ಷೇಪವೊಂದಿತ್ತು: ಹಿಂದಿನ ಕಾದಂಬರಿಗಳಲ್ಲಿ ಆಟಿಸಂ ಇದ್ದ ಗಿಲಿಯನ್ ಎಂಬ ಹುಡುಗಿ ಇಲ್ಲಿ ಅದರ ಸುಳಿವೇ ಇಲ್ಲದಂತೆ ಚಿತ್ರಿತಳಾಗಿದ್ದಳು. ಇದನ್ನು ಅಂಕಿಅಂಶದ ತಪ್ಪೆನ್ನಲಾಗದು. ಒಬ್ಬ ವ್ಯಕ್ತಿಯ ಬದುಕಿನ ಸತ್ಯವನ್ನೇ ಅಳಿಸಿದಂತಾಯಿತು ಎಂಬುದು ಓದುಗರ ನೋವು.

ಆದ್ದರಿಂದ ಇಂಥ ಕೃತಿಗಳಲ್ಲಿ ಎರಡು ಬಗೆಯ ವ್ಯತ್ಯಾಸಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಒಂದು, ಘಟನೆಯ ಕ್ರಮ ಬದಲಾಗುವುದು. ಇನ್ನೊಂದು, ಘಟನೆಯ ನೈತಿಕ ಭಾರ ಬದಲಾಗುವುದು. ಮೊದಲನೆಯದನ್ನು ಸಮನ್ವಯದಿಂದ ಸರಿಪಡಿಸಬಹುದು. ಎರಡನೆಯದಕ್ಕೆ ಟಿಪ್ಪಣಿಯ ಮದ್ದಿಲ್ಲ.

೫

ರೀಚ್ ವಿವಾದದ ತಿರುಳು ಇಲ್ಲಿದೆ. ೨೦೧೦ರ ಆಟದಲ್ಲಿ ಜಾರ್ಜ್ ಎಂಬ ಸೈನಿಕ ಹಾಲ್ಸಿ ಬಾಲ್ಯದಲ್ಲೇ ಅಪಹರಿಸಿದ ಪೀಳಿಗೆಯವನು. ಅವರಿಬ್ಬರ ಭೇಟಿಯಲ್ಲಿ ತಾಯಿ ಮಕ್ಕಳ ನಡುವಿನಂಥ ವಾತ್ಸಲ್ಯವಿದೆ. ಕಾದಂಬರಿ ಓದಿದವನಿಗೆ ಆ ವಾತ್ಸಲ್ಯ ಭಯಂಕರವಾಗಿ ಕಾಣುತ್ತದೆ. ಓದದವನಿಗೆ ಹೃದಯಸ್ಪರ್ಶಿಯಾಗಿ ಕಾಣುತ್ತದೆ. ನೌಕೆ ಎಲ್ಲಿಂದ ಹೊರಟಿತೆಂಬ ಚರ್ಚೆಯ ಗದ್ದಲದಲ್ಲಿ ಈ ವ್ಯತ್ಯಾಸಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ.

ಅದು ಬಹಿರಂಗವಾಗಿ ಚರ್ಚೆಗೆ ಬಂದದ್ದು ಕ್ಯಾರೆನ್ ಟ್ರಾವಿಸ್ ಅವರ ‘ಗ್ಲಾಸ್‌ಲ್ಯಾಂಡ್ಸ್’ (೨೦೧೧) ಕಾದಂಬರಿಯಿಂದ ಆರಂಭವಾದ ತ್ರಿವಳಿಯ ಮೂಲಕ. ಟ್ರಾವಿಸ್ ಹಾಲ್ಸಿಯನ್ನು ನೇರವಾಗಿ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದರು. ತ್ರಿವಳಿಯ ಕೊನೆಯ ಕೃತಿ ‘ಮಾರ್ಟಲ್ ಡಿಕ್ಟಾಟಾ’ದಲ್ಲಿ (೨೦೧೪) ತನ್ನ ಮನೆಯಲ್ಲಿ ಸತ್ತ ಮಗು ತನ್ನ ಮಗಳಲ್ಲವೆಂದು ನಂಬಿ ದಶಕಗಳ ಕಾಲ ಸತ್ಯವನ್ನು ಅರಸುವ ತಂದೆಯೊಬ್ಬ ಬರುತ್ತಾನೆ. ನೈಲಂಡ್ ಒಂದೆರಡು ಮಾತಿನಲ್ಲಿ ದಾಟಿಹೋದ ತಂದೆತಾಯಿಗಳ ಶೋಕ ಇಲ್ಲಿ ಕಥೆಯ ಕೇಂದ್ರಕ್ಕೆ ಬಂತು. ಅಭಿಮಾನಿಗಳು ಮತ್ತೆ ಇಬ್ಭಾಗವಾದರು. ಬಹುಕಾಲ ಬಾಕಿಯಿದ್ದ ಲೆಕ್ಕ ಚುಕ್ತಾ ಆಯಿತೆಂದು ಕೆಲವರು ಸಮಾಧಾನಪಟ್ಟರು. ಇತರರು, ಹಣ ಮತ್ತು ಆಜ್ಞೆ ನೀಡಿದ ಗೂಢಚಾರ ಇಲಾಖೆಯ ಮುಖ್ಯಸ್ಥೆ ಪ್ಯಾರಂಗೋಸ್ಕಿಯನ್ನು ಸೌಮ್ಯವಾಗಿ ಚಿತ್ರಿಸಿ, ಪಾಪವನ್ನೆಲ್ಲ ಒಬ್ಬ ವಿಜ್ಞಾನಿಯ ತಲೆಗೆ ಕಟ್ಟಲಾಗಿದೆ ಎಂದು ಆಕ್ಷೇಪಿಸಿದರು. ಎರಡನೆಯ ಆಕ್ಷೇಪದಲ್ಲಿ ನ್ಯಾಯವಿದೆ. ನೈಲಂಡ್ ಅವರ ಹಾಲ್ಸಿ ತಾನು ಮಾಡುತ್ತಿರುವುದು ತಪ್ಪೆಂದು ಬಲ್ಲಳು, ಬಲ್ಲವಳಾಗಿಯೂ ಮಾಡುತ್ತಾಳೆ. ಆ ದ್ವಂದ್ವವೇ ಪಾತ್ರದ ಶಕ್ತಿ. ತೀರ್ಪಿನ ಭರದಲ್ಲಿ ಟ್ರಾವಿಸ್ ಅದನ್ನು ಕಳೆದುಕೊಳ್ಳುತ್ತಾರೆ.

ಇದಕ್ಕೆ ಪೂರಕವಾದ ಸಾಕ್ಷ್ಯವೊಂದು ೨೦೧೫ರಲ್ಲಿ ಸಿಕ್ಕಿತು. ಆ ವರ್ಷ ಕಾದಂಬರಿಯ ಹೆಸರಿನಲ್ಲೇ ಬಂದ ಸಚೇತನ ಚಿತ್ರವು ಗ್ರಹದ ಪತನವನ್ನು ತೋರಿಸಲೇ ಇಲ್ಲ. ಅಪಹರಣ, ತರಬೇತಿ, ಶಸ್ತ್ರಕ್ರಿಯೆ, ಮೊದಲ ಗೆಳೆಯನ ಸಾವು ಇವಿಷ್ಟನ್ನೇ ಅದು ಆಯ್ದುಕೊಂಡಿತು. ಶೀರ್ಷಿಕೆಯಲ್ಲಿರುವ ಘಟನೆಯೇ ಇಲ್ಲದ ಈ ರೂಪಾಂತರವನ್ನು ಹಲವರು ಅಪೂರ್ಣವೆಂದರು. ಆದರೆ ಕಾದಂಬರಿಯಲ್ಲಿ ಮುಖ್ಯವಾದದ್ದು ಯಾವುದೆಂಬ ಪ್ರಶ್ನೆಗೆ ಅದು ತನಗರಿವಿಲ್ಲದೆಯೇ ಸರಿಯಾದ ಉತ್ತರ ನೀಡಿತ್ತು.

ಮಾರುಕಟ್ಟೆಗೆಂದೇ ತರಾತುರಿಯಲ್ಲಿ ಬರೆದ, ಭಾಷೆಯಲ್ಲಿ ಸಾಧಾರಣವಾದ ಈ ಕೃತಿ ಎರಡು ದಶಕಗಳಿಗೂ ಮಿಕ್ಕಿ ಚರ್ಚೆಯಲ್ಲಿ ಉಳಿದಿರುವುದಕ್ಕೆ ಅದರ ಕಾಲಗಣನೆ ಕಾರಣವಲ್ಲ. ಆಡುವವನು ಹೆಮ್ಮೆಯಿಂದ ಧರಿಸುವ ಕವಚದೊಳಗೆ ಕದ್ದು ತಂದ ಮಗುವೊಂದಿದೆ ಎಂದು ಅದು ಮೊದಲಿಗೇ ಹೇಳಿಬಿಟ್ಟಿತು. ಅಭಿಮಾನಿಗಳ ಮೂರು ಪಕ್ಷಗಳೂ ತಮ್ಮತಮ್ಮ ರೀತಿಯಲ್ಲಿ ಈ ಮಾತಿನೊಂದಿಗೇ ಸೆಣಸುತ್ತಿವೆ. ರೀಚ್ ಯಾವ ದಿನ ಬಿದ್ದಿತೆಂಬುದನ್ನು ಒಡೆತನದ ಸಂಸ್ಥೆ ಎಷ್ಟು ಸಲ ಬೇಕಾದರೂ ತಿದ್ದಬಹುದು. ಎಪ್ಪತ್ತೈದು ಮನೆಗಳಲ್ಲಿ ನಡೆದದ್ದನ್ನು ತಿದ್ದಲು ಈ ಓದುಗರು ಒಪ್ಪಲಾರರು. ಸಹವರ್ತಿ ಕಾದಂಬರಿಯೊಂದು ಸಾಹಿತ್ಯವಾಗಿ ಎಣಿಕೆಗೆ ಬರಲು ಅಷ್ಟು ಸಾಕು.