ನಿರ್ಲಕ್ಷಿಸಿದವರು ಯಾರು?

ಕಾನೂನನ್ನು ಸಾಹಿತ್ಯದ ಹಾಗೆ ಓದಬಾರದೆಂದು ವಕೀಲರು ಹೇಳುತ್ತಾರೆ. ಮೂವತ್ತು ವರ್ಷದ ಹತ್ತಿರ ಕನ್ನಡ ಪಾಠ ಹೇಳಿದ ನನಗೆ ಬೇರೆ ರೀತಿ ಓದಲು ಬರುವುದಿಲ್ಲ. ವಾಕ್ಯ ಸಿಕ್ಕರೆ ಸಾಕು, ಕರ್ತೃ ಯಾರು, ಕರ್ಮ ಯಾವುದು ಎಂದು ಹುಡುಕುತ್ತೇನೆ. 1986ರ ಬಾಲನ್ಯಾಯ ಕಾಯ್ದೆಯಲ್ಲಿ ‘ನಿರ್ಲಕ್ಷಿತ’ ಮಕ್ಕಳೆಂಬ ಒಂದು ವರ್ಗವಿತ್ತು. ಭಿಕ್ಷೆ ಬೇಡುವ ಮಗು, ಮನೆಯಿಲ್ಲದ ಮಗು, ಹೆತ್ತವರು ಸಾಕಲು ಯೋಗ್ಯರಲ್ಲದ ಮಗು, ವೇಶ್ಯೆಯ ಜೊತೆ ವಾಸಿಸುವ ಮಗು. ಪಟ್ಟಿ ಉದ್ದವಿದೆ. ನಿರ್ಲಕ್ಷಿತ ಎನ್ನುವಾಗ ನಿರ್ಲಕ್ಷಿಸಿದವನೊಬ್ಬ ಇರಲೇಬೇಕಲ್ಲ? ಅವನು ವಾಕ್ಯದಲ್ಲಿ ಇಲ್ಲ. ಕೊನೆಗೆ ಕಣ್ಣಿಗೆ ಬೀಳುವವಳು ಮಗುವಿನ ಪಕ್ಕದಲ್ಲಿ ನಿಂತ ತಾಯಿ ಮಾತ್ರ.

2000ದ ಕಾಯ್ದೆ ಆ ಪದವನ್ನು ಬಿಟ್ಟು ‘ಪೋಷಣೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು’ ಎಂದಿತು. 2015ರ ಕಾಯ್ದೆಯೂ ಅದನ್ನೇ ಉಳಿಸಿಕೊಂಡಿದೆ. ಮಾತು ಸುಧಾರಿಸಿದೆ, ಒಪ್ಪುತ್ತೇನೆ. ಕರ್ತೃ ಮಾತ್ರ ಇನ್ನೂ ಸಿಕ್ಕಿಲ್ಲ.

ನಮ್ಮ ತೆಲಿಗಿಯ ಸುತ್ತಮುತ್ತ, ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಯ ಹಳ್ಳಿಗಳಲ್ಲಿ, ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳನ್ನು ಈ ವಾಕ್ಯದ ಮುಂದೆ ನಿಲ್ಲಿಸಿ ನೋಡಬೇಕು. ತಾಯಿ ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಮಗುವಿಗೆ ಕಟ್ಟಿಕೊಟ್ಟು, ಕಳೆ ತೆಗೆಯಲು ಹೋಗುತ್ತಾಳೆ. ಜ್ವರ ಬಂದರೆ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡುತ್ತಾಳೆ. ಅವಳು ನಿರ್ಲಕ್ಷಿಸಿದ್ದು ಏನನ್ನು? ಅಪ್ಪನಾದವನು ಅದೇ ಊರಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಗೌರವವಾಗಿ ಬಾಳುತ್ತಿರುತ್ತಾನೆ, ಜಾತ್ರೆಗೆ ಪಟ್ಟಿ ಎತ್ತುತ್ತಿರುತ್ತಾನೆ. ಶಾಲೆಗೆ ಬಂದು ಶಿಕ್ಷಣದ ಮಹತ್ವದ ಬಗ್ಗೆ ಭಾಷಣ ಮಾಡುವುದೂ ಉಂಟು.

1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧವೆಂದಿತು. ಅಂಥ ಹೆಣ್ಣು ಮದುವೆಯಾದರೆ ಮದುವೆ ಊರ್ಜಿತ, ಆ ಮದುವೆಯ ಮಕ್ಕಳು ಸಕ್ರಮ ಎಂದೂ ಹೇಳಿತು. ಮದುವೆಯೇ ಆಗದ ತಾಯಂದಿರ ಮಕ್ಕಳ ಬಗ್ಗೆ ಅದು ಬಾಯಿ ಬಿಡಲಿಲ್ಲ. 1993-94ರ ಸಮೀಕ್ಷೆಯಲ್ಲಿ 22,873, 2007-08ರಲ್ಲಿ ಮತ್ತೆ 23,787, ಒಟ್ಟು 46,660 ಎಂದು ಸರ್ಕಾರ ಲೆಕ್ಕ ಕೊಟ್ಟಿದೆ. ಅದು ತಾಯಂದಿರ ಲೆಕ್ಕ.

ಹಾಗೆಂದು ಸರ್ಕಾರ ಈ ವಿಷಯಕ್ಕೆ ಕೈ ಹಾಕಬಾರದು, ಊರೇ ತನ್ನ ಮಕ್ಕಳನ್ನು ನೋಡಿಕೊಳ್ಳುತ್ತದೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಊರು ನೋಡಿಕೊಂಡ ರೀತಿ ಗೊತ್ತಿದೆ. 2014ರ ಫೆಬ್ರವರಿಯಲ್ಲಿ, ನಾವು ದಾವಣಗೆರೆ ಜಿಲ್ಲೆಯಲ್ಲಿದ್ದಾಗ, ಜಿಲ್ಲೆಯ ದುರ್ಗಮ್ಮನ ಗುಡಿಯೊಂದರಲ್ಲಿ ಹುಡುಗಿಯರಿಗೆ ಮುತ್ತು ಕಟ್ಟದಂತೆ ತಡೆಯಿರಿ ಎಂದು ದಿಲ್ಲಿಯ ಸುಪ್ರೀಂ ಕೋರ್ಟು ರಾಜ್ಯದ ಮುಖ್ಯ ಕಾರ್ಯದರ್ಶಿಗೆ ಹೇಳಬೇಕಾಯಿತು. ಕಾಯ್ದೆ ಬಂದು ಮೂವತ್ತು ವರ್ಷ ಕಳೆದಿದ್ದವು.

ಸರ್ಕಾರ ಈ ಮಕ್ಕಳಿಗೆ ಮಾಡಿದ ದೊಡ್ಡ ಉಪಕಾರ ಯಾವುದೆಂದು ಕೇಳಿದರೆ ನಾನು ಬಿಸಿಯೂಟ ಎನ್ನುತ್ತೇನೆ. 2002-03ರಲ್ಲಿ ಅಕ್ಷರ ದಾಸೋಹ ಮೊದಲು ಬಂದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹರಪನಹಳ್ಳಿ ತಾಲ್ಲೂಕು 1997ರಲ್ಲೇ ದಾವಣಗೆರೆಗೆ ಸೇರಿದ್ದರಿಂದ ಆಚೆಯ ಕೊಟ್ಟೂರಿನ ಮಕ್ಕಳು ಉಂಡರು, ನಮ್ಮ ಮಕ್ಕಳು ಒಂದು ವರ್ಷ ಕಾದರು. ಕಾದದ್ದು ಹೋಗಲಿ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮಗುವನ್ನು ‘ನಿಮ್ಮಪ್ಪ ಯಾರು’ ಎಂದು ಆ ಯೋಜನೆ ಕೇಳಲಿಲ್ಲ.

ಹಾಜರಿ ತಪ್ಪದೆ ಬರುತ್ತಿದ್ದ ಮಕ್ಕಳು ಕಾಗದ ಬೇಕಾದಾಗ ತಪ್ಪಿಸಿಕೊಳ್ಳುವುದನ್ನು ಕಂಡಿದ್ದೇನೆ. ದಾಖಲಾತಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಎಲ್ಲದರಲ್ಲೂ ಒಂದು ಕಾಲಂ ಕಾದಿರುತ್ತಿತ್ತು. ಕೆಲವರು ಸೋದರಮಾವನ ಹೆಸರು ಹೇಳುತ್ತಿದ್ದರು, ಕೆಲವರು ದೇವರ ಹೆಸರು. ಒಬ್ಬ ಹುಡುಗಿ ಬಾಯಿ ಬಿಡದೆ ಕಾಲಿನ ಹೆಬ್ಬೆರಳಿನಿಂದ ನೆಲ ಗೀರುತ್ತ ನಿಂತಿದ್ದಳು. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದ ಹುಡುಗನಿಗೆ ಉತ್ತರ ಗೊತ್ತಿತ್ತು.

ಈಗ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವವೆಂಬ ಒಳ್ಳೆಯ ಯೋಜನೆಯಿದೆ. ಮಗುವನ್ನು ಮನೆಯಲ್ಲೇ ಉಳಿಸಿ ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ಹಳ್ಳಿಯಲ್ಲಿ ಕುಟುಂಬದ ವರಮಾನ ವರ್ಷಕ್ಕೆ 72,000 ಮೀರಬಾರದು. ತಾಯಿ ವಿಧವೆಯಾಗಿರಬೇಕು, ಇಲ್ಲವೆ ವಿಚ್ಛೇದಿತೆ, ಇಲ್ಲವೆ ಮನೆಯವರು ಕೈಬಿಟ್ಟವಳು. ಇನ್ನೂ ಕೆಲವು ವರ್ಗಗಳಿವೆ. ನಮ್ಮ ಈ ತಾಯಿ ಯಾವ ಮನೆಗೆ ಸೇರುತ್ತಾಳೆ? ಮದುವೆಯಾಗದವಳಿಗೆ ವಿಚ್ಛೇದನವಿಲ್ಲ. ಸಂಪ್ರದಾಯ ಅವಳನ್ನು ನಿತ್ಯಸುಮಂಗಲಿ ಎಂದು ಕರೆದಿರುವುದರಿಂದ ಅವಳು ವಿಧವೆಯೂ ಆಗಲಾರಳು! ಉಳಿದದ್ದು ಒಂದೇ ಬಾಗಿಲು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ನಿಲ್ಲಿಸಿ ‘ರಕ್ಷಣೆಯ ಅಗತ್ಯವಿದೆ’ ಎಂದು ಬರೆಸಿಕೊಳ್ಳಬೇಕು.

ಸಮಿತಿ ಇರುವುದು ಜಿಲ್ಲೆಗೊಂದು. ನಮಗೋ ಜಿಲ್ಲೆಯೇ ನಿಂತ ಕಡೆ ನಿಲ್ಲುವುದಿಲ್ಲ: 2018ರಲ್ಲಿ ದಾವಣಗೆರೆಯಿಂದ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಕೂಲಿ ಬಿಟ್ಟು ಹೊಸಪೇಟೆಯ ಬಸ್ಸು ಹತ್ತುವುದಕ್ಕಿಂತ ದೊಡ್ಡದು ಆ ತಾಯಂದಿರ ಹೆದರಿಕೆ. ಒಬ್ಬಾಕೆ ನನಗೆ ಹೇಳಿದ್ದು ಹೀಗೆ: “ಹಾಸ್ಟೆಲ್ ಅಂದ್ರ ನಾಳೆನಾ ಕಳಸ್ತೀನ್ರಿ ಅಕ್ಕೋರೆ. ಬಾಲಮಂದಿರ ಅಂದ್ರ ಬ್ಯಾಡ್ರಿ. ಅಲ್ಲಿಗೆ ಹಾಕಿದ್ರ ನಾನು ಕೆಟ್ಟಾಕಿ ಅಂತ ಬರದಂಗ ಆಕ್ಕೈತಿ.” ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವಾಗಿರಬೇಕೆಂದು 2015ರ ಕಾಯ್ದೆಯೇ ಹೇಳುತ್ತದೆ. ಅದನ್ನು ಅವಳಿಗೆ ಓದಿ ಹೇಳಿದವರು ಯಾರೂ ಇರಲಿಲ್ಲ. 1986ರ ಪಟ್ಟಿಯನ್ನು ಅವಳು ಓದಿರಲಿಕ್ಕಿಲ್ಲ, ಆದರೂ ಅದರ ಅರ್ಥ ಅವಳಿಗೆ ಸರಿಯಾಗಿಯೇ ತಲುಪಿತ್ತು.

2025ರಲ್ಲಿ ಬಂದ ಹೊಸ ದೇವದಾಸಿ ಮಸೂದೆ ಮೊದಲ ಬಾರಿಗೆ ಆ ಮಕ್ಕಳ ಕಡೆ ನೇರವಾಗಿ ತಿರುಗಿದೆ. ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ ಎನ್ನುತ್ತದೆ, ತಂದೆ ಯಾರೆಂದು ಗುರುತಿಸಿಕೊಳ್ಳುವ ಹಕ್ಕನ್ನೂ ಮಗುವಿಗೆ ಕೊಡುತ್ತದೆ. ಮೊದಲನೆಯದು ನಾಳೆಯೇ ಶಾಲೆಗಳಿಗೆ ಬರಲಿ ಎಂದು ನನ್ನ ಆಸೆ. ಅದಕ್ಕೆ ಒಂದು ಸುತ್ತೋಲೆ ಸಾಕು. ಎರಡನೆಯದರಲ್ಲಿ ಕೊನೆಗೂ ವಾಕ್ಯಕ್ಕೊಬ್ಬ ಕರ್ತೃ ಸಿಕ್ಕಂತಾಯಿತು. ಆದರೆ ಅರ್ಜಿ ಹಾಕಬೇಕಾದವಳು ಕಳೆ ತೆಗೆಯಲು ಹೋಗುವುದು ಬಹಳ ಸಲ ಅವನದೇ ಹೊಲಕ್ಕೆ.